ತೋಟದ ಏರಿಗೆ ಟ್ರ್ಯಾಕ್ಷನ್ ಕಂಟ್ರೋಲ್ ಸಾಕಾ, ಎಲ್‌ಎಸ್‌ಡಿನೇ ಬೇಕಾ?

ಮೂಡಿಗೆರೆಯವ: ಮನೆಯಿಂದ ಟಾರ್ ರಸ್ತೆಗೆ ಒಂದೂವರೆ ಕಿಲೋಮೀಟರ್ ಕೆಮ್ಮಣ್ಣಿನ ಏರು. ಜುಲೈ ಬಂದರೆ ಕಾರಿನ ಎಡಚಕ್ರ ನಿಂತಲ್ಲೇ ತಿರುಗುತ್ತದೆ. ಸೆಕೆಂಡ್ ಹ್ಯಾಂಡ್ ಫೋರ್ ಬೈ ಫೋರ್ ನೋಡುತ್ತಿದ್ದೇನೆ. ಚಕ್ರ ಜಾರಿದರೆ ಎಲೆಕ್ಟ್ರಾನಿಕ್ಸ್ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಸಾಕಾ, ಜಾರದ ಚಕ್ರಕ್ಕೂ ಎಳೆತ ಹೋಗುವಂತೆ ಮಾಡುವ ಎಲ್‌ಎಸ್‌ಡಿ (ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್) ಬೇಕಾ? ಬಜೆಟ್ 9 ಲಕ್ಷ. ಅನುಭವ ಇದ್ದವರು ಹೇಳಿ.

ಹಳೇ ಸ್ಟಾರ್ಮ್: ನನ್ನದು ಸಫಾರಿ ಸ್ಟಾರ್ಮ್, ಹಿಂದೆ ಎಲ್‌ಎಸ್‌ಡಿ. ಏಳು ಮಳೆಗಾಲ ಗಾಡಿ ಕೈಕೊಟ್ಟಿಲ್ಲ. ಕೈಕೊಟ್ಟಿದ್ದು ಗ್ಯಾರೇಜಿನವನು. ಹೌಸಿಂಗ್‌ಗೆ, ಅಂದ್ರೆ ಆ ಎಲ್‌ಎಸ್‌ಡಿ ಕೂತಿರುವ ಹಿಂದಿನ ಆಕ್ಸಲ್ ಗೂಡಿಗೆ, ಮಾಮೂಲಿ ಗೇರ್ ಆಯಿಲ್ ಸುರಿದ, ಎಲ್‌ಎಸ್‌ಡಿಗೆ ಆಯಿಲ್ ಜೊತೆ ಬೆರೆಸಬೇಕಾದ ಫ್ರಿಕ್ಷನ್ ಮಾಡಿಫೈಯರ್ ಹಾಕಲೇ ಇಲ್ಲ. ತಿರುವಿನಲ್ಲಿ ಕಟಕಟ ಶುರು. 'ಬೇರಿಂಗ್ ಹೋಗಿದೆ' ಅಂದ, 6,400 ತೆಗೆದುಕೊಂಡ. ಶಬ್ದ ಹಾಗೇ ಇತ್ತು. ಆಮೇಲೆ 'ಕ್ರೌನ್ ಪಿನಿಯನ್' ಅಂದ, 19,000 ಎಸ್ಟಿಮೇಟ್. ಹಾಸನದ ಹಳೇ ಮೆಕ್ಯಾನಿಕ್ ಒಬ್ಬರು ಬೆರಳಿಗೆ ಹಚ್ಚಿ ಮೂಸಿಯೇ ಹೇಳಿದರು, ಆಯಿಲ್ ತಪ್ಪು ಅಂತ. ಎಲ್ಲ ಸೇರಿ 2,350. ಶಬ್ದ ಮಾಯ. ಆ 6,400 ಮಾತ್ರ ಹೋಯಿತು.

ಜಿಮ್ನಿ ಕೊಡಗು: ಅದಕ್ಕೇ ಈ ತಲೆನೋವು ಬೇಡ ಅನ್ನೋದು. ನನ್ನ ಜಿಮ್ನಿಯ ಟ್ರ್ಯಾಕ್ಷನ್ ಕಂಟ್ರೋಲ್ ಜಾರುವ ಚಕ್ರಕ್ಕೆ ತಾನೇ ಬ್ರೇಕ್ ಹಿಡಿದು ಎದುರು ಚಕ್ರಕ್ಕೆ ಎಳೆತ ಕೊಡುತ್ತದೆ, ಮುಂದೆಯೂ ಹಿಂದೆಯೂ. ಒಂದು ಚಕ್ರ ಗಾಳಿಯಲ್ಲಿ ನೇತಾಡಿದರೂ ಆಕ್ಸಿಲರೇಟರ್ ಬಿಡದೆ ನಿಧಾನಕ್ಕೆ ಒತ್ತಿ ಕೂತರೆ ಮೇಲೆ ಬರುತ್ತದೆ. ಸವೆದ ಎಲ್‌ಎಸ್‌ಡಿ ಅಲ್ಲಿ ದೇವರ ಫೋಟೋ ಇದ್ದ ಹಾಗೆ.

ಹಳೇ ಸ್ಟಾರ್ಮ್: ನಿಮ್ಮದು ಚಕ್ರ ಜಾರಿದ ಮೇಲೆ ಎಚ್ಚರ ಆಗುತ್ತದೆ. ನನ್ನದು ಮೊದಲೇ ಹಿಡಿದಿರುತ್ತದೆ. ಬ್ರೇಕ್ ಕಾದ ಮೇಲೆ ಏನು ಮಾಡ್ತೀರಿ, ಊದ್ತೀರಾ?

ಶಿರಾಡಿ ದಿನವಹಿ: ಎಲ್ಲ ಟ್ರ್ಯಾಕ್ಷನ್ ಕಂಟ್ರೋಲೂ ಒಂದೇ ಅಲ್ಲ ಸ್ವಾಮಿ. ನನ್ನ ಫ್ರಂಟ್ ವೀಲ್ ಕಾರು ಕೆಸರು ಸಿಕ್ಕ ತಕ್ಷಣ ಎಂಜಿನ್ ಉಸಿರು ಕಟ್ಟಿಸುತ್ತಿತ್ತು. ಏರಿನ ಮಧ್ಯ ನಿಂತೆ. ಹಿಂದೆ ಹಾಲಿನ ಜೀಪು, ಅದರ ಹಿಂದೆ ಸ್ಕೂಲ್ ವ್ಯಾನು. ಟ್ರ್ಯಾಕ್ಟರ್‌ನವನಿಗೆ 1,200, ಬಂಪರ್‌ಗೆ 7,800. ಸಾವಿರ ಜನ ಬುದ್ಧಿ ಹೇಳಿದರು, ಆಫ್ ಮಾಡುವ ಬಟನ್ ಇದೆ ಅಂತ ಒಬ್ಬನೂ ಹೇಳಲಿಲ್ಲ.

ಬೊಲೆರೊ ಬಾಳೆಹೊನ್ನೂರು: ಎರಡೂ ಇಲ್ಲದೆ 14 ವರ್ಷ ಓಡಿಸಿದೆ. ಹಿಂದಿನ ಚಕ್ರ ಜಾರಿತಾ, ಹ್ಯಾಂಡ್ ಬ್ರೇಕ್ ಎರಡು ಹಲ್ಲು ಎಳಿ, ನಿಧಾನಕ್ಕೆ ಕ್ಲಚ್ ಬಿಡು. ಒಳ್ಳೆ ಟೈರ್ ಹಾಕಿ ಮೊದಲು. ಹಾಗೇ ಒಂದು ಮಾತು. ನಮ್ಮ ದಾರಿ ಉತ್ತು ಹಾಕೋದೇ ಈ ವೀಕೆಂಡ್ ಜೀಪುಗಳು.

ಜಿಮ್ನಿ ಕೊಡಗು: ನಾನು ವೀಕೆಂಡ್ ಅಲ್ಲ, ತೋಟ ನಂದೇ.

ಬೊಲೆರೊ ಬಾಳೆಹೊನ್ನೂರು: ನಿಮಗೆ ಹೇಳಿದ್ದಲ್ಲ. ಚುಚ್ಚಿತು ಅಂದ್ರೆ ನೀವೇ ನೋಡ್ಕೊಳ್ಳಿ.

ಶಿರಾಡಿ ದಿನವಹಿ: ಹ್ಯಾಂಡ್ ಬ್ರೇಕ್ ಎಳೆದು ಎಷ್ಟು ಲೈನರ್ ಸುಟ್ರಿ, ಅದೂ ಹೇಳಿ.

ಮೂಡಿಗೆರೆಯವ: ಸಾರ್, ನನ್ನ 9 ಲಕ್ಷ?

ಹಳೇ ಸ್ಟಾರ್ಮ್: ಯಾವುದನ್ನಾದರೂ ತಗೊಳ್ಳಿ, ಹೌಸಿಂಗ್ ಆಯಿಲ್ ನಿಮ್ಮ ಕಣ್ಣೆದುರೇ ಹಾಕಿಸಿ. ಆ ಮಹಾರಾಯನ ಗ್ಯಾರೇಜ್ ಈಗಲೂ ನಡೀತಿದೆ.