ಮನೆಯೊಳಗೆ ಸಿಗ್ನಲ್ ಇಲ್ಲ, ಟೆರೇಸ್ ಮೇಲೆ ಇದೆ: ಬೂಸ್ಟರ್ ಹಾಕಿದರೆ ಸರಿಹೋಗುತ್ತಾ?

ಕೆಳಮನೆ:
ಎರಡು ಅಂತಸ್ತಿನ ಆರ್‌ಸಿಸಿ ಮನೆ. ಕೆಳಗಿನ ಹಾಲ್‌ನಲ್ಲೂ ಹಿಂದಿನ ರೂಮಿನಲ್ಲೂ ಕಾಲ್ ಕಟ್ ಆಗುತ್ತದೆ, ಡೇಟಾ ಸುಮ್ಮನೆ ಸುತ್ತುತ್ತಿರುತ್ತದೆ. ಫೋನ್ ತೋರಿಸುವ ಲೆಕ್ಕ: ಹಾಲ್‌ನಲ್ಲಿ -118 ಡಿಬಿಎಂ, ಟೆರೇಸ್‌ನಲ್ಲಿ -95 (ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು). ಎರಡೂ ಕಡೆ 4ಜಿ, ಬ್ಯಾಂಡ್ 3 (1800 ಮೆಗಾಹರ್ಟ್ಸ್). ಟೆರೇಸ್‌ನಿಂದ ಹಾಲ್‌ಗೆ ಕೇಬಲ್ ಎಳೆದರೆ ಸುಮಾರು 15 ಮೀಟರ್ ಬೇಕು. 70 ಡಿಬಿ ಗೇನ್‌ನ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ಮೂರು ಬ್ಯಾಂಡ್ ಬೂಸ್ಟರ್ ಒಂದನ್ನು ನೋಡಿಟ್ಟಿದ್ದೇನೆ. ಅದು ಸಾಕಾ? ಎರಡು ಆಂಟೆನಾಗಳ ನಡುವೆ ಎಷ್ಟು ಅಂತರ ಬಿಡಬೇಕು? ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇದೆ, ವೈ-ಫೈ ಚೆನ್ನಾಗಿದೆ.

ಸ್ಪೆಕ್ಟ್ರಮ್_ಶಾಸ್ತ್ರಿ:
ವೈ-ಫೈ ಚೆನ್ನಾಗಿದ್ದರೆ ಬೂಸ್ಟರ್ ಮಾತು ಆಮೇಲೆ. ಮೊದಲು ವೈ-ಫೈ ಕಾಲಿಂಗ್ ಆನ್ ಮಾಡಿ ನೋಡಿ, ಖರ್ಚಿಲ್ಲ. ಪರೀಕ್ಷೆ ಸುಲಭ: ಏರ್‌ಪ್ಲೇನ್ ಮೋಡ್ ಹಾಕಿ, ವೈ-ಫೈ ಮಾತ್ರ ಆನ್ ಮಾಡಿ, ಕಾಲ್ ಮಾಡಿ. ಕಾಲ್ ಹೋದರೆ ಫೋನು, ಸಿಮ್ಮು, ಆಪರೇಟರ್ ಮೂರೂ ಸರಿಯಿದೆ ಎಂದರ್ಥ. ಹೋಗದಿದ್ದರೆ ರೂಟರ್‌ನ ಫೈರ್‌ವಾಲ್ ನೋಡಿ. ವೈ-ಫೈ ಕಾಲಿಂಗ್ ಐಪಿಸೆಕ್ ಎಂಬ ಗೂಢಲಿಪೀಕರಿಸಿದ ಸುರಂಗದೊಳಗೆ ಓಡುತ್ತದೆ, ಅದಕ್ಕೆ ಯುಡಿಪಿ 500 ಮತ್ತು 4500 ಪೋರ್ಟ್‌ಗಳು ಹೊರಗಡೆಗೆ ತೆರೆದಿರಬೇಕು.

ಜನ "ಆನ್ ಮಾಡಿದೆ, ಆದರೂ ಕಟ್ ಆಗುತ್ತೆ" ಅನ್ನುವುದಕ್ಕೆ ಸಾಮಾನ್ಯ ಕಾರಣ ಬೇರೆ. -118ರ ಆಸುಪಾಸಿನಲ್ಲಿ ಫೋನ್ ಇನ್ನೂ ಟವರ್ ಬಿಟ್ಟಿರುವುದಿಲ್ಲ, ಬಡಕಲು 4ಜಿಯಲ್ಲೇ ಕಾಲ್ ಹಿಡಿಯಲು ಹೋಗುತ್ತದೆ. ಸೆಟ್ಟಿಂಗ್‌ನಲ್ಲಿ "ವೈ-ಫೈಗೆ ಆದ್ಯತೆ" ಎಂಬ ಆಯ್ಕೆ ಇದ್ದರೆ ಅದನ್ನೇ ಇಡಿ. ಒಂದು ಕಾಲ್‌ಗೆ ಎರಡೂ ದಿಕ್ಕಿಗೆ 100 ಕೆಬಿಪಿಎಸ್ ಸಾಕು, ಆದ್ದರಿಂದ ಬ್ರಾಡ್‌ಬ್ಯಾಂಡ್ ವೇಗ ಮುಖ್ಯವಲ್ಲ. ಕರೆಂಟ್ ಹೋದಾಗ ಕಾಲ್ ಬೇಕೆಂದರೆ ರೂಟರ್ ಮತ್ತು ಫೈಬರ್ ಬಾಕ್ಸ್ ಎರಡನ್ನೂ ಯುಪಿಎಸ್‌ಗೆ ಹಾಕಿ. ಒಂದಕ್ಕೆ ಮಾತ್ರ ಹಾಕಿದರೆ ಪ್ರಯೋಜನವಿಲ್ಲ.

ಡೆಸಿಬೆಲ್:
ವೈ-ಫೈ ಕಾಲಿಂಗ್ ಸಲಹೆಗೆ ನನ್ನದೂ ಒಪ್ಪಿಗೆ. ಆದರೂ ಬೂಸ್ಟರ್ ಪ್ರಶ್ನೆಗೆ ಉತ್ತರ ಬೇಕಲ್ಲ.

ನಿಮ್ಮ ಟೆರೇಸ್‌ನ -95 ಕೆಲಸಕ್ಕೆ ಬರುವ ಸಿಗ್ನಲ್. ಅಲ್ಲೂ -115 ಇದ್ದು ಎಸ್‌ಐಎನ್‌ಆರ್ (ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಜೋರು ಅನ್ನುವ ಅಳತೆ) ಸೊನ್ನೆಗಿಂತ ಕೆಳಗಿದ್ದರೆ ಬೇಡ ಅನ್ನುತ್ತಿದ್ದೆ. ಬೂಸ್ಟರ್ ಸಿಗ್ನಲ್ ಜೊತೆ ಗದ್ದಲವನ್ನೂ ಅಷ್ಟೇ ಹಿಗ್ಗಿಸುತ್ತದೆ, ಗದ್ದಲದೊಳಗಿಂದ ಸಿಗ್ನಲ್ ಹೆಕ್ಕಿ ಕೊಡುವುದಿಲ್ಲ. ಹಾಗಾಗಿ ಎಸ್‌ಐಎನ್‌ಆರ್ ಕೂಡ ಬರೆದುಕೊಳ್ಳಿ. ಐಫೋನ್ ಆದರೆ *3001#12345#* ಡಯಲ್ ಮಾಡಿ. ಆಂಡ್ರಾಯ್ಡ್‌ನ ಸಿಮ್ ಸ್ಟೇಟಸ್ ಪುಟ ಡಿಬಿಎಂ ಮಾತ್ರ ತೋರಿಸುತ್ತದೆ, ಎಸ್‌ಐಎನ್‌ಆರ್‌ಗೆ ಸೆಲ್ ಮಾಹಿತಿ ತೋರಿಸುವ ಯಾವುದಾದರೂ ಆ್ಯಪ್ ಬೇಕು. ಪರದೆಯ ಸಿಗ್ನಲ್ ಗೀಟುಗಳನ್ನು ನಂಬಬೇಡಿ, ಎಷ್ಟು ಡಿಬಿಎಂಗೆ ಎಷ್ಟು ಗೀಟು ಅನ್ನುವುದು ಆಯಾ ಫೋನ್ ಕಂಪನಿಯ ಇಷ್ಟ.

ಈಗ ಲೆಕ್ಕ. ಟೆರೇಸ್ -95. ಲಾಗ್ ಪೀರಿಯಾಡಿಕ್ ಆಂಟೆನಾ (ಒಂದೇ ದಿಕ್ಕಿಗೆ ಮುಖ ಮಾಡುವ ಹೊರ ಆಂಟೆನಾ) 10 ಡಿಬಿ ಕೂಡಿಸುತ್ತದೆ ಎನ್ನೋಣ. 15 ಮೀಟರ್ ಎಲ್‌ಎಂಆರ್-400 ಎಂಬ ದಪ್ಪ ಕೇಬಲ್ 1800 ಮೆಗಾಹರ್ಟ್ಸ್‌ನಲ್ಲಿ ಸುಮಾರು 3 ಡಿಬಿ ತಿನ್ನುತ್ತದೆ. ಬೂಸ್ಟರ್‌ನ ಆಂಪ್ಲಿಫೈಯರ್ 60 ಕೊಡುತ್ತದೆ, ಒಳಗಿನ ಸೀಲಿಂಗ್ ಆಂಟೆನಾ 3. ಒಟ್ಟು -25. ಅಲ್ಲಿಂದ ತೆರೆದ ಜಾಗದಲ್ಲಿ 5 ಮೀಟರ್ ದೂರಕ್ಕೆ 51 ಡಿಬಿ ಹೋಗುತ್ತದೆ, ಅಂದರೆ ಹಾಲ್‌ನಲ್ಲಿ -76ರ ಹತ್ತಿರ. ಹಿಂದಿನ ರೂಮಿಗೆ ಒಂದು ಇಟ್ಟಿಗೆ ಗೋಡೆ ದಾಟಿದರೂ -85 ಉಳಿಯುತ್ತದೆ. ಇದು ಚೆನ್ನಾದ ಸಿಗ್ನಲ್. ಗಮನಿಸಿ, ನಾನು ಹಿಡಿದದ್ದು 60, ನಿಮ್ಮ ಡಬ್ಬದ ಮೇಲಿನ 70 ಅಲ್ಲ. 60ಕ್ಕೇ ನಿಮ್ಮ ಕೆಲಸ ಆಗುತ್ತದೆ.

ಕೇಬಲ್‌ನಲ್ಲಿ ಮಾತ್ರ ಜಿಪುಣತನ ಬೇಡ. ಪೆಟ್ಟಿಗೆಯಲ್ಲಿ ತೆಳ್ಳಗಿನ ಆರ್‌ಜಿ-58 ಕೊಟ್ಟಿದ್ದರೆ ಅದೇ 15 ಮೀಟರ್‌ಗೆ 10 ಡಿಬಿಗಿಂತ ಹೆಚ್ಚು ನಷ್ಟ, ದೊಡ್ಡ ಆಂಟೆನಾದಿಂದ ಗಳಿಸಿದ್ದೆಲ್ಲ ಅಲ್ಲೇ ಹೋಯಿತು.

ಅಂತರದ ಪ್ರಶ್ನೆಗೆ ಬರೋಣ, ಅಸಲಿ ವಿಷಯ ಇರುವುದೇ ಇಲ್ಲಿ. ಒಳಗಿನ ಆಂಟೆನಾ ಹೊರಡಿಸಿದ ಸಿಗ್ನಲ್ ಮೇಲಿನ ಆಂಟೆನಾಗೆ ಸೋರಿದರೆ ಮೈಕ್ ಮುಂದೆ ಸ್ಪೀಕರ್ ಇಟ್ಟಂತೆ ಕೂಗು ಶುರು. ರೇಡಿಯೋ ಭಾಷೆಯಲ್ಲಿ ಆಸಿಲೇಶನ್. ಅದಾಗದಿರಲು ಎರಡು ಆಂಟೆನಾಗಳ ನಡುವಿನ ಐಸೋಲೇಶನ್ (ಒಂದರಿಂದ ಇನ್ನೊಂದಕ್ಕೆ ತಲುಪುವಷ್ಟರಲ್ಲಿ ಸಿಗ್ನಲ್ ಕುಗ್ಗುವ ಪ್ರಮಾಣ) ಗೇನ್‌ಗಿಂತ 15 ಡಿಬಿಯಾದರೂ ಹೆಚ್ಚಿರಬೇಕು: 60ಕ್ಕೆ 75, 70ಕ್ಕೆ 85. ನೇರ ಕೆಳಗೆ 8 ಮೀಟರ್ ಅಂತರಕ್ಕೆ 55 ಡಿಬಿ ಸಿಗುತ್ತದೆ, ಒಂದೊಂದು ಸ್ಲ್ಯಾಬ್‌ಗೆ 10ರಿಂದ 20 ಸೇರಿಸಿಕೊಳ್ಳಿ. ದೂರ ಇಮ್ಮಡಿ ಮಾಡಿದರೂ ದಕ್ಕುವುದು 6 ಡಿಬಿ ಅಷ್ಟೇ, ಆದ್ದರಿಂದ ಅಕ್ಕಪಕ್ಕ ದೂರ ಸರಿಸುವ ಬದಲು ನಡುವೆ ಕಾಂಕ್ರೀಟ್ ಬರುವ ಹಾಗೆ ಮೇಲೆ-ಕೆಳಗೆ ಇಡಿ. ಹೊರಗಿನ ಆಂಟೆನಾದ ಬೆನ್ನು ಮನೆಯ ಕಡೆಗಿರಲಿ. ಒಳಗಿನದನ್ನು ಮೆಟ್ಟಿಲ ಬಾವಿಯ ಕೆಳಗೆ ಹಾಕಲೇಬೇಡಿ, ಸೋರಿಕೆಗೆ ಅಲ್ಲಿ ರಾಜಮಾರ್ಗ.

ಬ್ಯಾಂಡ್_ನಲವತ್ತು:
ಕೊಳ್ಳುವ ಮುಂಚೆ ಮೂರು ವಿಷಯ.

ಮೊದಲು ಕಾನೂನು. ಕೆಲವು ದೇಶಗಳಲ್ಲಿ ಪ್ರಮಾಣೀಕೃತ ಮಾದರಿಯನ್ನು ಆಪರೇಟರ್ ಬಳಿ ನೋಂದಾಯಿಸಿ ಬಳಸಬಹುದು. ಇನ್ನು ಕೆಲವೆಡೆ ಆಪರೇಟರ್ ಅನುಮತಿಯಿಲ್ಲದೆ ಇಟ್ಟುಕೊಳ್ಳುವುದೇ ಅಪರಾಧ. ಅಂಗಡಿಯಲ್ಲಿ ರಾಜಾರೋಷವಾಗಿ ಮಾರುತ್ತಾರೆ ಅನ್ನುವುದು ಪರವಾನಗಿ ಅಲ್ಲ. ನಿಯಮ ಸುಮ್ಮನೆ ಬಂದಿಲ್ಲ: ಕೂಗುವ ಒಂದು ಬೂಸ್ಟರ್ ಟವರ್‌ನ ರಿಸೀವರ್‌ಗೆ ಗದ್ದಲ ತುಂಬಿ ಇಡೀ ಬಡಾವಣೆಯ ಕಾಲ್ ಹಾಳು ಮಾಡಬಲ್ಲದು. ಕೂಗದಿದ್ದರೂ ಅಪ್‌ಲಿಂಕ್‌ನಲ್ಲಿ (ಮನೆಯಿಂದ ಟವರ್ ಕಡೆಗೆ) ಸ್ವಲ್ಪ ಗದ್ದಲ ಸದಾ ಹೊರಡುತ್ತಿರುತ್ತದೆ. ಟವರ್ ಹತ್ತಿರವಿದ್ದಷ್ಟೂ ಗೇನ್ ಇಳಿಸಬೇಕು. ಆಪರೇಟರ್‌ಗೆ ಬರೆದು ಕೇಳಿ, ಕೆಲವರು ಬ್ರಾಡ್‌ಬ್ಯಾಂಡ್‌ಗೆ ಸಿಕ್ಕಿಸುವ ಫೆಮ್ಟೋಸೆಲ್ (ಮನೆಯೊಳಗಿನ ಪುಟ್ಟ ಟವರ್) ಕೊಡುತ್ತಾರೆ.

ಎರಡನೆಯದು ಬ್ಯಾಂಡ್. ಸಾಮಾನ್ಯ ಮೂರು ಬ್ಯಾಂಡ್ ಬೂಸ್ಟರ್ ಎಂದರೆ 900, 1800, 2100, ಎಲ್ಲವೂ ಎಫ್‌ಡಿಡಿ (ಹೋಗಲು, ಬರಲು ಬೇರೆ ಬೇರೆ ತರಂಗಾಂತರ). 2300ರ ಬ್ಯಾಂಡ್ 40 ಅಥವಾ 3500ರ 5ಜಿ ಟಿಡಿಡಿ (ಒಂದೇ ತರಂಗಾಂತರದಲ್ಲಿ ಸರದಿಯಂತೆ ಹೋಗಿಬರುವುದು) ಆದ್ದರಿಂದ ಅವು ಇದರಲ್ಲಿ ಹಾಯುವುದಿಲ್ಲ. ಬ್ಯಾಂಡ್ 3 ಅಂದರೆ 1800, ನಿಮಗೆ ಸರಿ. ಆದರೆ ನಿಮ್ಮ ಟವರ್ ಫೋನನ್ನು ಬೇರೆ ಬ್ಯಾಂಡ್‌ಗೂ ತಳ್ಳುತ್ತಾ ಅಂತ ಬೇರೆ ಬೇರೆ ಹೊತ್ತಿನಲ್ಲಿ ನೋಡಿ.

ಮೂರನೆಯದನ್ನು ಮಾರುವವರು ಹೇಳುವುದೇ ಇಲ್ಲ. ಬೂಸ್ಟರ್‌ಗೆ ಇರುವುದು ಒಂದೇ ಹೊರ ಆಂಟೆನಾ, ಹಾಗಾಗಿ ಮೈಮೋ (ಹಲವು ಆಂಟೆನಾಗಳಿಂದ ಒಟ್ಟಿಗೇ ಹಲವು ಡೇಟಾ ಹರಿವು) ಹೋಗಿ ಒಂದೇ ಡೇಟಾ ಹರಿವು ಉಳಿಯುತ್ತದೆ. ಕಾಲ್ ಗಟ್ಟಿಯಾಗುತ್ತದೆ, ಡೇಟಾ ವೇಗ ಟೆರೇಸ್‌ನಲ್ಲಿ ಸಿಗುವಷ್ಟು ಸಿಗುವುದಿಲ್ಲ. ಡೇಟಾ ಮಾತ್ರ ಬೇಕಿದ್ದವರಿಗೆ ಎರಡು ಹೊರ ಆಂಟೆನಾ ಹಾಕಬಹುದಾದ 4ಜಿ ರೂಟರ್ ಒಳ್ಳೆಯದು.

ಕೆಳಮನೆ:
ಧನ್ಯವಾದ. ವೈ-ಫೈ ಕಾಲಿಂಗ್ ಇವತ್ತೇ ಹಾಕಿ ನೋಡುತ್ತೇನೆ, ಆಪರೇಟರ್‌ಗೂ ಬರೆಯುತ್ತೇನೆ. ಇನ್ನೊಂದು: ಆಂಪ್ಲಿಫೈಯರ್ ಇಲ್ಲದೆ ಎರಡು ಆಂಟೆನಾಗಳನ್ನು ಬರೀ ಕೇಬಲ್‌ನಿಂದ ಜೋಡಿಸಿದರೆ ಸಾಕು ಅಂತ ಕೆಲವರು ಹೇಳುತ್ತಾರೆ. ನಿಜವಾ? ಹಳೆಯ ಟಿವಿ ಕೇಬಲ್ ಬೇರೆ ಸುರುಳಿ ಬಿದ್ದಿದೆ.

ಡೆಸಿಬೆಲ್:
ಮೇಲಿನ ಲೆಕ್ಕದಲ್ಲಿ 60 ತೆಗೆದುಬಿಡಿ. ಒಳ ಆಂಟೆನಾ ಬಳಿ -85, ಅಲ್ಲಿಂದ ಒಂದೇ ಒಂದು ಮೀಟರ್ ದೂರಕ್ಕೆ -122. ನಿಮ್ಮ ಹಾಲ್‌ನಲ್ಲಿ ಈಗಲೇ -118 ಇದೆ! ಫೋನ್ ಹಿಂದೆ ಅಂಟಿಸುವ ಬಂಗಾರದ ಬಣ್ಣದ ಸ್ಟಿಕ್ಕರ್‌ಗಳಂತೂ ಇಷ್ಟೂ ಮಾಡುವುದಿಲ್ಲ.

ಟಿವಿ ಕೇಬಲ್ ಬಗ್ಗೆ ಇರುವಷ್ಟು ಹೆದರಿಕೆ ಬೇಕಿಲ್ಲ. 75 ಓಮ್‌ನ ಆರ್‌ಜಿ-6 ಅನ್ನು 50 ಓಮ್‌ಗೆ ಜೋಡಿಸಿದರೆ ಹೊಂದಾಣಿಕೆಯಾಗದೆ ಹೋಗುವ ನಷ್ಟ ಒಂದು ಜೋಡಣೆಗೆ ಸುಮಾರು 0.2 ಡಿಬಿ. 15 ಮೀಟರ್‌ಗೆ ಒಟ್ಟು 5 ಡಿಬಿ ಒಳಗೇ ಮುಗಿಯುತ್ತದೆ, ಆರ್‌ಜಿ-58ಗಿಂತ ವಾಸಿ. ತೊಂದರೆ ಕೊಡುವುದು ಕನೆಕ್ಟರ್: ಅಡಾಪ್ಟರ್ ಮೇಲೆ ಅಡಾಪ್ಟರ್, ಕೈಯಲ್ಲಿ ತಿರುಚಿ ಹಾಕಿದ ಎಫ್ ಪಿನ್ನು, ಜಾಲರಿಯ ಒಂದೆಳೆ ನಡುಗಂಬಿಗೆ ತಾಗಿರುವುದು. ಹಳೆಯ ಸುರುಳಿಯ ತುದಿ ಕತ್ತರಿಸಿ ನೋಡಿ. ಜಾಲರಿ ಹಸಿರುಗಟ್ಟಿದ್ದರೆ ಒಳಗೆ ನೀರು ಹೋಗಿದೆ, ಎಸೆಯಿರಿ.

ಸ್ಪೆಕ್ಟ್ರಮ್_ಶಾಸ್ತ್ರಿ:
ಅನುಮತಿ ಸಿಕ್ಕಿ ಹಾಕುವುದಾದರೆ ಕ್ರಮ ತಪ್ಪಬೇಡಿ. ಮೊದಲು ಹೊರ ಆಂಟೆನಾ. 30 ಡಿಗ್ರಿಯಂತೆ ತಿರುಗಿಸುತ್ತಾ ಪ್ರತಿ ಸಲ ಅರ್ಧ ನಿಮಿಷ ಕಾದು ಓದಿಕೊಳ್ಳಿ, ಫೋನಿನ ಅಂಕಿ ತಕ್ಷಣ ಬದಲಾಗುವುದಿಲ್ಲ. ಡಿಬಿಎಂ ಹೆಚ್ಚಿರುವ ದಿಕ್ಕಿಗಿಂತ ಎಸ್‌ಐಎನ್‌ಆರ್ ಹೆಚ್ಚಿರುವ ದಿಕ್ಕು ಮೇಲು. ಬೇರೆ ಆಪರೇಟರ್‌ನ ಟವರ್ ಎದುರಿಗೇ ಇದ್ದರೆ ಅದರ ಕಡೆ ಮುಖ ಮಾಡಬೇಡಿ. ಅದರ ಜೋರಿಗೆ ಬೂಸ್ಟರ್ ತಾನೇ ಗೇನ್ ಇಳಿಸಿಕೊಂಡು ನಿಮ್ಮ ಸಿಗ್ನಲ್‌ಗೆ ಏನೂ ಉಳಿಯುವುದಿಲ್ಲ.

ಎರಡೂ ಆಂಟೆನಾ ಬಿಗಿಯಾಗಿ ಕೂತ ಮೇಲೆಯೇ ಕರೆಂಟ್. ಗೇನ್ ಕನಿಷ್ಠದಿಂದ ಶುರು ಮಾಡಿ 5 ಡಿಬಿಯಂತೆ ಏರಿಸಿ. ಎಚ್ಚರಿಕೆ ದೀಪ ಬಂದರೆ, ಅಥವಾ ಡಿಬಿಎಂ ಏರುತ್ತಿದ್ದರೂ ಎಸ್‌ಐಎನ್‌ಆರ್ ಬೀಳತೊಡಗಿದರೆ, ಅಲ್ಲಿಂದ 5 ಇಳಿಸಿ ನಿಲ್ಲಿಸಿ.

ಹೊರಗಿನ ಕೇಬಲ್ ಮನೆ ಹೊಕ್ಕುವ ಮುಂಚೆ ಕೆಳಕ್ಕೆ ಜೋಲುವ ಒಂದು ಬಾಗು ಕೊಡಿ, ನೀರು ಅಲ್ಲೇ ತೊಟ್ಟಿಕ್ಕಲಿ. ಕೇಬಲ್ ಒಳಬರುವ ಜಾಗದಲ್ಲಿ ಸಿಡಿಲು ಅರೆಸ್ಟರ್ ಹಾಕಿ ಅದಕ್ಕೆ ದಪ್ಪ ಅರ್ತ್ ತಂತಿ ಎಳೆಯಿರಿ. ಅರ್ತ್ ಇಲ್ಲದ ಅರೆಸ್ಟರ್ ಅಲಂಕಾರಕ್ಕೆ. ಕನೆಕ್ಟರ್‌ಗಳಿಗೆ ತನ್ನಷ್ಟಕ್ಕೆ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ, ಮೇಲೆ ಪಿವಿಸಿ ಟೇಪ್ ಹಾಕಿ. ಬೇಸಿಗೆಯಲ್ಲಿ ಸರಿಯಿದ್ದು ಮಳೆ ಶುರುವಾದ ಮೇಲೆ ಸಿಗ್ನಲ್ 10 ಡಿಬಿ ಕುಸಿದರೆ ಆಂಪ್ಲಿಫೈಯರ್ ಬಿಚ್ಚಲು ಹೋಗಬೇಡಿ, ಮೊದಲು ಆಂಟೆನಾ ಬುಡದ ಕನೆಕ್ಟರ್ ಬಿಚ್ಚಿ ನೋಡಿ.