ಸುಧಾಗೆ, ಹತ್ತು ದಿನದ ಕಾರ್ ಕ್ಲಾಸಿನ ಬಗ್ಗೆ

ಸುಧಾ, ಶ್ರುತಿ ರಜೆ ಹಾಕಿ, ದಿನಕ್ಕೆ ಎರಡು ಗಂಟೆಯಂತೆ ಹತ್ತೇ ದಿನದಲ್ಲಿ ಕಾರು ಕಲಿಯುತ್ತಾಳಂತೆ, ಸಾಕಾಗುತ್ತಾ ದೊಡ್ಡಮ್ಮ ಅಂತ ಕೇಳಿದ್ದೀಯಲ್ಲ. ನಾನೂ ಹಾಗೇ ಕಲಿತವಳಮ್ಮ. 2004ರಲ್ಲಿ, ನಮ್ಮ ಬಿಳಿ ಮಾರುತಿ 800 ಬಂದ ವರ್ಷ. ಹತ್ತನೇ ದಿನಕ್ಕೆ ತೀರ್ಥಹಳ್ಳಿ ಪೇಟೆಯಲ್ಲೆಲ್ಲ ಸಲೀಸಾಗಿ ಓಡಿಸಿದೆ. ಒಂದು ಸಲವೂ ಗಾಡಿ ಆಫ್ ಆಗಲಿಲ್ಲ. ಕಲಿಸುವ ಕಾರಿನಲ್ಲಿ ಕಲಿಸುವವರ ಕಡೆಗೂ ಕ್ಲಚ್ಚು, ಬ್ರೇಕು ಇರುತ್ತದಲ್ಲ, ನಾನು ತಪ್ಪಿದಾಗೆಲ್ಲ ಅವರೇ ಒತ್ತುತ್ತಿದ್ದರು. ನನಗೆ ಗೊತ್ತೇ ಆಗಲಿಲ್ಲ. ಅವರ ಕಾಲು ಅಲ್ಲಿರುವ ತನಕ ನಾವು ಕಲಿತಿಲ್ಲ ಅಂತಲೇ ಲೆಕ್ಕ.

ಲೈಸೆನ್ಸ್ ಬಂದ ವಾರಕ್ಕೇ ಉಡುಪಿಗೆ ಹೋಗಿದ್ದೆವು. ವಾಪಸ್ ಬರುವಾಗ ಸೋಮೇಶ್ವರದಿಂದ ನಾನು ಕೂತೆ. ಆಗುಂಬೆ ಘಾಟಿ ಗೊತ್ತಲ್ಲ, ಹದಿನಾಲ್ಕು ತಿರುವು. ನಾಲ್ಕನೆಯದೋ ಐದನೆಯದೋ ತಿರುವಿನಲ್ಲಿ ಮೇಲಿಂದ ಬಸ್ಸು ಬಂತು, ನಿಲ್ಲಿಸಿದೆ. ಬಸ್ಸು ದಾಟಿತು. ಬ್ರೇಕಿಂದ ಕಾಲು ತೆಗೆದೆ ನೋಡು, ಕಾರು ಹಿಂದಕ್ಕೆ ಜಾರತೊಡಗಿತು. ಕಾಲೇ ಓಡಲಿಲ್ಲ. ಹಿಂದೆ ಜೀಪು, ಅದರ ತುಂಬ ಜನ, ಮಕ್ಕಳು. ನಿಮ್ಮ ದೊಡ್ಡಪ್ಪ ಹ್ಯಾಂಡ್‌ಬ್ರೇಕ್ ಎಳೆದರು, ಒಂದು ಮೊಳ ಬಿಟ್ಟು ನಿಂತಿತು. ಆ ಹಾರ್ನ್ ಈಗಲೂ ಕಿವಿಯಲ್ಲಿದೆ. ಅದಕ್ಕೇ ಮತ್ತೆ ಹೇಳುತ್ತೇನೆ, ಪಕ್ಕದವರ ಕಾಲು ಬ್ರೇಕಿನ ಮೇಲಿರುವ ತನಕ ಕಲಿತೆ ಅಂದುಕೊಳ್ಳಬಾರದು.

ಅವತ್ತಿಂದ ಕೀಲಿ ನನ್ನ ಕೈಗೆ ಸಿಗಲಿಲ್ಲ. ಮೈದುನನ ಮಗ ಅದೇ ಕಾರನ್ನು ಎರಡು ಸಲ ಗೇಟಿಗೆ ಉಜ್ಜಿದ. ‘ಹುಡುಗ ಅಲ್ವಾ, ಕಲೀತಾನೆ’ ಅಂದರು. ನನಗೆ ಮಾತ್ರ ‘ಹೆಂಗಸರಿಗೆ ಯಾಕೆ’. ಅತ್ತೆಗೆ ಎದೆನೋವು ಬಂದ ರಾತ್ರಿ ಗಂಡಸರು ಯಾರೂ ಊರಲ್ಲಿರಲಿಲ್ಲ. ಕಾರು ಅಂಗಳದಲ್ಲೇ ಇತ್ತು, ನಾನು ಆಟೋ ಹುಡುಕಿಕೊಂಡು ರಸ್ತೆಗೆ ಓಡಿದೆ. ಅದನ್ನು ನಾನು ಮರೆತಿಲ್ಲ ಸುಧಾ. ಆಮೇಲೆ ಹಟ ಹಿಡಿದು ಮತ್ತೆ ಕಲಿತೆ.

ಅಯ್ಯೋ, ಹೇಳಬೇಕಾದ್ದೇ ಬಿಟ್ಟೆ. ಎಲ್‌ಎಲ್‌ಆರ್ ಅಂದರೆ ಕಲಿಯುವವರ ಲೈಸೆನ್ಸ್, ಅದನ್ನು ಮಾಡಿಸಿದ್ದಾಳಾ? ಅದಾಗಿ 30 ದಿನ ಕಳೆಯದೆ ಟೆಸ್ಟ್ ಕೊಡಲು ಬರುವುದಿಲ್ಲ. ಆರು ತಿಂಗಳು ಅದು ನಡೆಯುತ್ತದೆ. ಹತ್ತು ದಿನಕ್ಕೆ ಕ್ಲಾಸ್ ಮುಗಿಸಲಿ, ಬೇಡ ಅನ್ನಲ್ಲ. ಕೊನೆಯ ಮೂರು ದಿನ ‘ನೀವು ಕಾಲು ಹಿಂದಕ್ಕೆ ಇಟ್ಟುಕೊಳ್ಳಿ’ ಅಂತ ಬಾಯಿಬಿಟ್ಟು ಕೇಳಲಿ. ಆಮೇಲೆ ಟೆಸ್ಟ್ ತನಕ ಉಳಿದ ದಿನ ಎಲ್ ಬೋರ್ಡ್ ಹಾಕಿಕೊಂಡು, ಲೈಸೆನ್ಸ್ ಇದ್ದವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ದಿನಾ ಅರ್ಧ ಗಂಟೆ ಮನೆಯ ಕಾರನ್ನೇ ಓಡಿಸಲಿ. ಏರಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿ, ಫಸ್ಟ್ ಗೇರ್ ಹಾಕಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು, ಗಾಡಿ ನಡುಗುವ ತನಕ ಕ್ಲಚ್ ಬಿಟ್ಟು, ಆಮೇಲೆ ಹ್ಯಾಂಡ್‌ಬ್ರೇಕ್ ಇಳಿಸಬೇಕು. ನಿಮ್ಮ ಕಡೆ ಏರು ಇಲ್ಲದಿದ್ದರೆ ಇಲ್ಲಿಗೇ ಕಳಿಸು. ಪಕ್ಕದಲ್ಲಿ ನಾನು ಕೂರುತ್ತೇನೆ.