'ಅಮೆರಿಕನ್ ಸ್ಟಡೀಸ್' ಮೇಜರ್: ಕನ್ನಡದಲ್ಲಿ ಏನನ್ನೋಣ? (ತುರ್ತು)

ಬಾಸ್ಟನ್‌ನಿಂದ:
ನಮಸ್ಕಾರ. ಈ ವರ್ಷ ಡಿಗ್ರಿ ಮುಗಿಸಿದ ಮಕ್ಕಳಿಗೆ ನಮ್ಮ ಕನ್ನಡ ಕೂಟದಲ್ಲಿ ಸನ್ಮಾನ ಇದೆ. ಬ್ಯಾನರಿನಲ್ಲಿ ಹೆಸರು, ಅದರ ಕೆಳಗೆ ಪ್ರಧಾನವಾಗಿ ಓದಿದ ವಿಷಯ, ಇಲ್ಲಿನವರು 'ಮೇಜರ್' ಅನ್ನುವುದು. ಗಣಕ ವಿಜ್ಞಾನ, ಜೀವಶಾಸ್ತ್ರ ಎಲ್ಲ ಸಲೀಸಾಗಿ ಆಯ್ತು. ಒಬ್ಬಳದು ಮಾತ್ರ ಅಮೆರಿಕನ್ ಸ್ಟಡೀಸ್. ಸಮಿತಿಯವರು 'ಅಮೆರಿಕದ ಇತಿಹಾಸ' ಅಂತ ಹಾಕಿದ್ದರು, ಹುಡುಗಿ ಒಪ್ಪಲಿಲ್ಲ. ಅವಳು ಜಾಜ್ ಸಂಗೀತ ಓದಿದ್ದಾಳೆ, ಹಾಲಿವುಡ್ ಓದಿದ್ದಾಳೆ. ಚೀನೀಯರ ವಲಸೆ ತಡೆದ 1882ರ ಕಾಯ್ದೆ ಓದಿದ್ದಾಳೆ. ಕೊನೆಯ ವರ್ಷದ ಪ್ರಬಂಧ ಭಾರತದಿಂದ ವಲಸೆ ಬಂದ ಭಗತ್ ಸಿಂಗ್ ಥಿಂದ್ ಅವರ 1923ರ ಮೊಕದ್ದಮೆ ಮೇಲೆ. ಈತ 'ಬಿಳಿಯ' ಅಲ್ಲ, ಹಾಗಾಗಿ ಪೌರತ್ವ ಇಲ್ಲ ಅಂತ ಇಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು. ಇದನ್ನೆಲ್ಲ ಬರೀ ಇತಿಹಾಸ ಅಂದರೆ ಹೇಗೆ? ಪ್ರಿಂಟಿಗೆ ಇವತ್ತು ರಾತ್ರಿಯೇ ಹೋಗಬೇಕು.

ಧಾರವಾಡದಿಂದ:
'ಅಮೆರಿಕ ಅಧ್ಯಯನ'. ಕನ್ನಡ ಅಧ್ಯಯನ, ಮಹಿಳಾ ಅಧ್ಯಯನ ಇರುವಾಗ ತಲೆ ಕೆಡಿಸಿಕೊಳ್ಳುವಂಥದ್ದೇನಿದೆ? ಹುಡುಗಿ ಹೇಳಿದ್ದು ಸರಿ. 1930ರ ದಶಕದಲ್ಲಿ ಹಾರ್ವರ್ಡಿನಲ್ಲಿ ಈ ಓದು ಬೇರೂರಿದ್ದೇ ಸಾಹಿತ್ಯ, ಇತಿಹಾಸ ಎರಡನ್ನೂ ಒಟ್ಟಿಗೆ ಓದಿಸಬೇಕು ಅಂತ. ನಮ್ಮ ಹೈದರಾಬಾದಿನಲ್ಲೂ 1964ರಲ್ಲಿ ಇದಕ್ಕೇ ಅಂತ ಒಂದು ಸಂಶೋಧನಾ ಕೇಂದ್ರ ಶುರುವಾಯ್ತು. ಇಂಗ್ಲಿಷ್ ಮೇಷ್ಟ್ರುಗಳು ಅಲ್ಲಿನ ಲೈಬ್ರರಿಗೆಂದೇ ರೈಲು ಹತ್ತುತ್ತಿದ್ದರು. ಒಂದೇ ವಿನಂತಿ: ಸಂಧಿ ಮಾಡಿ 'ಅಮೆರಿಕಾಧ್ಯಯನ' ಅನ್ನಬೇಡಿ. ಕಿವಿಗೆ ಹಿಂಸೆ.

ಮಂಗಳೂರಿನಿಂದ:
ಸಂಸ್ಕೃತ ಬಿಟ್ಟರೆ ಗತಿಯೇ ಇಲ್ವಾ? 'ಅಮೆರಿಕದರಿಮೆ' ಅನ್ನಿ. ಲಿಂಗ್ವಿಸ್ಟಿಕ್ಸ್‌ಗೆ ನುಡಿಯರಿಮೆ ಇದೆ, ಇದೂ ಇರಲಿ. ಮೇಜರ್‌ಗೆ 'ಮೊದಲೋದು'.

ಧಾರವಾಡದಿಂದ:
ಅರಿಮೆ ಅಂದರೆ ಶಾಸ್ತ್ರ. ಇದು ಶಾಸ್ತ್ರ ಅಲ್ಲ. ಮೊದಲೋದು ಅಂದರೆ ಒಂದನೇ ಕ್ಲಾಸು ಅಂದುಕೊಳ್ಳುತ್ತಾರೆ.

ಮೈಸೂರಿನಿಂದ:
ಮೊದಲು 'ಅಮೆರಿಕ' ಇತ್ಯರ್ಥ ಮಾಡಿ ಸ್ವಾಮಿ. ಇಟಲಿಯ ನಾವಿಕ ಅಮೆರಿಗೊ ವೆಸ್ಪುಚ್ಚಿಯ ಹೆಸರಿನಿಂದ ಬಂದದ್ದು, 'ಅಮೇರಿಕ' ಅಂತ ಬರೆಯುವವರಿಗೆ 'ಮೇ' ದೀರ್ಘ ಎಲ್ಲಿಂದ ಹುಟ್ಟಿತು? ಜರ್ಮನ್ ನಕ್ಷೆಗಾರ ವಾಲ್ಡ್‌ಸೀಮ್ಯುಲರ್ 1507ರ ನಕ್ಷೆಯಲ್ಲಿ ಆ ಹೆಸರು ಬರೆದದ್ದು ದಕ್ಷಿಣದ ಭೂಭಾಗದ ಮೇಲೆ! ಇವಳು ಬ್ರೆಜಿಲ್ ಓದಿದ್ದಾಳಾ? ಅಮೆರಿಕನ್ ಸ್ಟಡೀಸ್‌ನವರ ಸಂಘದ ಆಗಿನ ಅಧ್ಯಕ್ಷೆ ಜಾನಿಸ್ ರಾಡ್‌ವೇ ಅವರೇ 1998ರ ಭಾಷಣದಲ್ಲಿ ನಮಗೆ ಈ ಹೆಸರು ಸರಿಯೇ ಅಂತ ಕೇಳಿದ್ದರು. ಆದ್ದರಿಂದ 'ಅಮೆರಿಕ ಸಂಯುಕ್ತ ಸಂಸ್ಥಾನಗಳ ಅಧ್ಯಯನ'. ಅದಕ್ಕಿಂತ ಕಡಿಮೆ ಬರೆದರೆ ತಪ್ಪು.

ಬಾಸ್ಟನ್‌ನಿಂದ:
ಸಾರ್, ಹೆಸರಿನ ಕೆಳಗೆ ಜಾಗ ಇರುವುದು ಒಂದೇ ಸಾಲಿಗೆ. 'ಅಮೆರಿಕ ಅಧ್ಯಯನ' ಅಂತ ಫೈಲ್ ಕಳಿಸಿದೆ, 'ಮೆ' ಹ್ರಸ್ವ. ಮೇಜರ್ ಅನ್ನುವ ಜಾಗದಲ್ಲಿ 'ಮುಖ್ಯ ವಿಷಯ'. ಎಲ್ಲರಿಗೂ ಥ್ಯಾಂಕ್ಸ್.

ಮಂಗಳೂರಿನಿಂದ:
ಮುಖ್ಯ, ವಿಷಯ, ಅಧ್ಯಯನ. ಮೂರೂ ಸಂಸ್ಕೃತದಿಂದ ಎರವಲು ತಂದ ಮಾತು. ಚೆನ್ನಾಗಿದೆ ನಿಮ್ಮ ಕನ್ನಡ ಕೂಟ.

ಧಾರವಾಡದಿಂದ:
'ಬ್ಯಾನರ್' ಮಾತ್ರ ನಿಮ್ಮ ಕಣ್ಣಿಗೆ ಬೀಳಲಿಲ್ಲ ನೋಡಿ. ಸಂಸ್ಕೃತದ ಮೇಲೆ ಮಾತ್ರ ಯಾಕೆ ಸಿಟ್ಟು?